ಬಿಳಿಗಿರಿಯ ನೆಲ್ಲಿಮರ, ಉಪ್ಪಿಲು ಮತ್ತು ನಿಂತುಹೋದ ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಏನಾಗಿದೆ ಅಂತ ತಿಳಿಯಬೇಕಾದರೆ 1974ಕ್ಕೆ ಹೋಗಬೇಕು. ಆ ವರ್ಷ ಅದು ವನ್ಯಧಾಮವಾಯಿತು. ಅಲ್ಲಿನ ಬುಡಕಟ್ಟು ಜನ ಸೋಲಿಗರ ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಜೊತೆಗೆ ಬೆಂಕಿಯೂ ನಿಂತಿತು. ಬೆಂಕಿ ಅಂದರೆ ಕಾಳ್ಗಿಚ್ಚಲ್ಲ. ಬಿಸಿಲು ಜೋರಾಗುವ ಮೊದಲೇ ಒಣಗಿದ ಎಲೆಗಷ್ಟೇ ಹಚ್ಚುತ್ತಿದ್ದ ‘ತರಗು ಬೆಂಕಿ’. ಅದು ನೆಲದ ಮೇಲೇ ಹರಿದು ಆರಿಹೋಗುತ್ತಿತ್ತು.

ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಗಲೇ ಬೆಟ್ಟದಲ್ಲಿತ್ತು. 1990ರ ದಶಕದಲ್ಲಿ ಸಂಶೋಧಕರು ಬಂದರು, 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯೂ ಅಲ್ಲಿ ಬೇರೂರಿತು. ಅವರ ಪ್ರಶ್ನೆ ನೇರವಾಗಿತ್ತು: ಸೋಲಿಗರು ನೆಲ್ಲಿಕಾಯಿ ಕೊಯ್ಯುವುದರಿಂದ ಕಾಡು ಸವೆಯುತ್ತಿದೆಯಾ?

ಸೋಲಿಗರು ಬೆರಳು ತೋರಿಸಿದ್ದು ಬೇರೆ ಕಡೆಗೆ. ನೆಲ್ಲಿಯ ಕೊಂಬೆ ಮೇಲೆ ‘ಉಪ್ಪಿಲು’ ಕೂರುತ್ತದೆ, ನಾವು ಬಂದಳಿಕೆ ಅನ್ನುತ್ತೇವಲ್ಲ, ಅದೇ ಜಾತಿ. ಹಕ್ಕಿ ಅದರ ಹಣ್ಣು ತಿಂದು ಅಂಟಂಟು ಬೀಜವನ್ನು ಇನ್ನೊಂದು ಕೊಂಬೆಗೆ ಮೆತ್ತಿ ಹೋದರೆ, ಅದು ಅಲ್ಲೇ ಚಿಗುರಿ, ಕೊಂಬೆಯೊಳಕ್ಕೆ ಬೇರು ಇಳಿಸಿ ಮರದ ನೀರನ್ನೇ ಕುಡಿಯುತ್ತದೆ. ಬೆಂಕಿ ನಿಂತ ಮೇಲೇ ಇದು ಜಾಸ್ತಿಯಾಯಿತು, ಹೊರಗಿನಿಂದ ಬಂದ ಕಳೆಪೊದೆ ಲಂಟಾನವೂ ಹಾಗೇ ಹಬ್ಬಿತು ಅನ್ನೋದು ಸೋಲಿಗರ ಮಾತು. ಅಳೆದು ನೋಡಿದಾಗ ಉಪ್ಪಿಲು ಹತ್ತಿದ ಮರದಲ್ಲಿ ಕಾಯಿ ಕಡಿಮೆ ಅಂತ ಗೊತ್ತಾಯಿತು. ನೆಲ್ಲಿಗೆ ಕೊಯ್ಲಿಗಿಂತ ಉಪ್ಪಿಲು, ಲಂಟಾನಗಳ ಕಾಟವೇ ದೊಡ್ಡದು ಅಂತಲೂ ಮುಂದಿನ ಅಧ್ಯಯನಗಳು ಹೇಳಿದವು. 1997ರಲ್ಲಿ ಗುರುತು ಹಾಕಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರೆ, ಲಂಟಾನ ಇದ್ದ ಜಾಗಗಳು ಸುಮಾರು ಎರಡರಷ್ಟಾಗಿದ್ದವು.

ಆದರೆ ಅಷ್ಟರಲ್ಲಿ ಕಾನೂನು ಇನ್ನೊಂದು ದಾರಿ ಹಿಡಿದಿತ್ತು. ಮಾರೋದಕ್ಕೆ ಕಾಡಿನ ಉತ್ಪನ್ನ ಕೊಯ್ಯುವಂತಿಲ್ಲ ಅಂತ 2006ರ ಹೊತ್ತಿಗೆ ನೆಲ್ಲಿಕಾಯಿ ಕೊಯ್ಲಿಗೂ ತಡೆ ಬಿತ್ತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ, ಅಂದರೆ ಊರಿನವರೆಲ್ಲ ಸೇರಿ ಕಾಡಿನ ಉತ್ಪನ್ನ ಕೊಯ್ಯುವ, ಕಾಡು ನೋಡಿಕೊಳ್ಳುವ ಹಕ್ಕು, ಸಿಕ್ಕಿತು. ಹುಲಿ ಕಾಡೊಳಗೆ ಇಂಥ ಹಕ್ಕು ಸಿಕ್ಕಿದ್ದು ದೊಡ್ಡ ವಿಷಯವೇ, ಅದಕ್ಕೆ ಈ ವರ್ಷಗಳ ಲೆಕ್ಕ, ನಕ್ಷೆಗಳೂ ಬೆನ್ನಿಗಿದ್ದವು.

ಬೆಂಕಿಯ ವಿಷಯ ಮಾತ್ರ ಕದಲಿಲ್ಲ. ಅರಣ್ಯ ಇಲಾಖೆಗೆ ಕಾಳ್ಗಿಚ್ಚಿನ ಭಯ ಇದೆ, ಅದು ಸುಮ್ನೆ ಬಂದ ಭಯವೂ ಅಲ್ಲ, ಲಂಟಾನದ ಪೊದೆ ತುಂಬಿದ ಕಾಡಲ್ಲಿ ಇವತ್ತು ಕಿಡಿ ಬಿದ್ದರೆ ತರಗಷ್ಟೇ ಸುಟ್ಟು ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಹಾಗಾಗಿ ಮೊದಲು ಲಂಟಾನ ಕಿತ್ತು, ಆಮೇಲೆ ಚಿಕ್ಕ ಜಾಗದಲ್ಲಿ ಸೋಲಿಗರ ಕೈಯಲ್ಲೇ ಹಚ್ಚಿಸಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಕಾಳ್ಗಿಚ್ಚು ದಾಟದಿರಲಿ ಅಂತ ಬೇಸಿಗೆಗೆ ಮುಂಚೆ ರಸ್ತೆಯ ಎರಡೂ ಬದಿ ಬೆಂಕಿರೇಖೆ ಅಂತ ಇಲಾಖೆಯೇ ಸುಡುತ್ತದೆ, ಅಲ್ವಾ?