ದಾಟಲಾಗದ ರಸ್ತೆಯ ಆಚೆಬದಿ

ಸೈಕಲ್ ಪಥಗಳ ಯೋಜನೆಗೆಂದು ಕರೆಯುವ ಮೊದಲ ಸಭೆಯಲ್ಲಿ ಸಾಮಾನ್ಯವಾಗಿ ಎರಡು ನಕ್ಷೆಗಳು ಮೇಜಿನ ಮೇಲಿರುತ್ತವೆ. ಒಂದರಲ್ಲಿ ಹಿಂದಿನ ಕೆಲವು ವರ್ಷಗಳ ಅಪಘಾತಗಳನ್ನು ಕೆಂಪು ಚುಕ್ಕಿಗಳಲ್ಲಿ ಗುರುತಿಸಿರುತ್ತಾರೆ. ಇನ್ನೊಂದರಲ್ಲಿ ಯಾವ ರಸ್ತೆಯಲ್ಲಿ ಎಷ್ಟು ಸೈಕಲ್‌ಗಳು ಓಡಾಡುತ್ತವೆ ಎಂಬುದನ್ನು ಗೆರೆಯ ದಪ್ಪದಿಂದ ತೋರಿಸಿರುತ್ತಾರೆ. ಚುಕ್ಕಿಗಳು ಒತ್ತಾಗಿರುವ, ಗೆರೆ ದಪ್ಪವಾಗಿರುವ ಕಡೆಗೆ ಹಣ ಹರಿಯುತ್ತದೆ. ನಗರದ ಅಂಚಿನ, ಬಸ್ಸೂ ಸರಿಯಾಗಿ ಬಾರದ, ಹೆಚ್ಚಿನವರು ದಿನಗೂಲಿಯ ಮೇಲೆ ಬದುಕುವ ಬಡಾವಣೆಗಳ ಮೇಲೆ ಎರಡೂ ನಕ್ಷೆಗಳು ಬಹುತೇಕ ಖಾಲಿಯಾಗಿರುತ್ತವೆ. ರಸ್ತೆ ವಿನ್ಯಾಸದ ಕೆಲಸಕ್ಕೆ ಬಂದ ಮೊದಲ ಕೆಲವು ವರ್ಷ ನಾನೂ ಆ ಖಾಲಿ ಜಾಗವನ್ನು ‘ಇಲ್ಲಿ ತೊಂದರೆಯಿಲ್ಲ’ ಎಂದೇ ಓದುತ್ತಿದ್ದೆ.

ಆ ಖಾಲಿತನಕ್ಕೆ ಕಾರಣಗಳು ಹಲವು. ಪೊಲೀಸ್ ದಾಖಲೆಗೆ ಸೇರುವುದು ಹೆಚ್ಚಾಗಿ ಮೋಟಾರು ವಾಹನ ಡಿಕ್ಕಿ ಹೊಡೆದು, ಯಾರಾದರೂ ದೂರು ಕೊಟ್ಟ ಪ್ರಕರಣಗಳು ಮಾತ್ರ. ಜಲ್ಲಿಯ ಮೇಲೆ ಚಕ್ರ ಜಾರಿ ಮಣಿಕಟ್ಟು ಮುರಿದುಕೊಂಡವರು ಆಸ್ಪತ್ರೆಗೆ ಹೋಗುತ್ತಾರೆಯೇ ಹೊರತು ಠಾಣೆಗೆ ಹೋಗುವುದಿಲ್ಲ. ಠಾಣೆಯಲ್ಲಿ ಅರ್ಧ ದಿನ ಕಾಯುವುದೆಂದರೆ ಆ ದಿನದ ಕೂಲಿ ಹೋದಂತೆಯೇ. ಇನ್ನು ಎಣಿಕೆಯ ವಿಷಯ. ಸ್ವಯಂಚಾಲಿತ ಎಣಿಕೆ ಯಂತ್ರಗಳನ್ನು ಈಗಾಗಲೇ ಒಳ್ಳೆಯ ಪಥವಿರುವ ಕಡೆಯೇ ಕೂರಿಸಲಾಗುತ್ತದೆ. ಮೊಬೈಲ್ ಆ್ಯಪ್‌ಗಳಿಂದ ಸಿಗುವ ಮಾಹಿತಿಯಲ್ಲಿ ವ್ಯಾಯಾಮಕ್ಕಾಗಿ ಸೈಕಲ್ ತುಳಿಯುವವರು ಎದ್ದು ಕಾಣುತ್ತಾರೆ. ಬೆಳಗಿನ ಐದಕ್ಕೆ ಕ್ಯಾರಿಯರ್‌ಗೆ ಸಲಕರಣೆಯ ಚೀಲ ಕಟ್ಟಿಕೊಂಡು ಹೊರಡುವವನು ಆ್ಯಪ್ ತೆರೆದು ಗುಂಡಿ ಒತ್ತುವುದಿಲ್ಲ. ಇವೆಲ್ಲದರ ಜೊತೆಗೆ, ಭಯಕ್ಕೆ ಸೈಕಲನ್ನೇ ಬಿಟ್ಟವರಿದ್ದಾರೆ. ಅವರು ಯಾವ ಎಣಿಕೆಗೂ ಸಿಗುವವರಲ್ಲ.

ಹಾಗಾಗಿ ಇಂಥ ಬಡಾವಣೆಗಳ ಕೆಲಸವನ್ನು ಈಗ ನಾನು ನಕ್ಷೆಯಿಂದ ಶುರು ಮಾಡುವುದಿಲ್ಲ. ಬಡಾವಣೆಯನ್ನೂ ಉಳಿದ ನಗರವನ್ನೂ ಬೇರ್ಪಡಿಸುವ ಒಂದು ಗೆರೆ ಪ್ರತಿಯೊಂದು ಕಡೆಯೂ ಇರುತ್ತದೆ: ಅಗಲವಾದ ಹೊರವರ್ತುಲ ರಸ್ತೆ, ರೈಲು ಹಳಿ, ಕಾಲುವೆ ಅಥವಾ ಯಾವುದೋ ಸಂಸ್ಥೆಯ ಉದ್ದನೆಯ ಕಾಂಪೌಂಡು. ಬೆಳಕು ಹರಿಯುವ ಮೊದಲು ಆ ಗೆರೆಯ ಬಳಿ ಹೋಗಿ ನಿಲ್ಲುತ್ತೇನೆ. ಜನ ಎಲ್ಲಿ ದಾಟುತ್ತಾರೆಂಬುದನ್ನು ರಸ್ತೆಯೇ ತೋರಿಸಿಕೊಡುತ್ತದೆ. ಒಮ್ಮೆ ನಾಲ್ಕು ಪಥಗಳ ರಸ್ತೆಯೊಂದರ ನಡುವೆ, ಮೊಣಕಾಲೆತ್ತರದ ವಿಭಜಕದ ಪಕ್ಕ, ಒಂದರ ಮೇಲೊಂದು ಪೇರಿಸಿದ ಎರಡು ಚಪ್ಪಡಿ ಕಲ್ಲುಗಳು ಕಂಡವು. ಆಚೆ ಬದಿಯಲ್ಲೂ ಹಾಗೆಯೇ ಎರಡು. ವಿಭಜಕದ ಕಾಂಕ್ರೀಟಿನ ಅಂಚು ಅಷ್ಟು ಜಾಗದಲ್ಲಿ ಮಾತ್ರ ಸವೆದು ನುಣುಪಾಗಿತ್ತು; ಅದರ ಮೇಲೆ ಟೈರುಗಳ ಕಪ್ಪು ಗೀರುಗಳಿದ್ದವು. ನಾನು ನೋಡುತ್ತಿದ್ದಂತೆಯೇ ಹೆಂಗಸೊಬ್ಬರು ಮುಂದಿನ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸೀಟಿನ ಕೆಳಗೆ ಕೈ ಕೊಟ್ಟು ಹಿಂದಿನ ಚಕ್ರವನ್ನು ಎತ್ತಿ, ವಿಭಜಕದ ಮೇಲೆಯೇ ಸೈಕಲನ್ನು ಅಡ್ಡಲಾಗಿ ಹಿಡಿದುಕೊಂಡು ಎರಡನೆಯ ಅರ್ಧ ದಾಟಲು ಕಾದರು. ಅಷ್ಟು ಹೊತ್ತೂ ಹಿಂದಿನ ಚಕ್ರ ರಸ್ತೆಯೊಳಕ್ಕೆ ಚಾಚಿಕೊಂಡಿತ್ತು.

ಆ ಕಾಯುವಿಕೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ಯೋಜನೆಯ ಹಣೆಬರಹ ಅಲ್ಲಿದೆ. ಒಂದು ಪಥಕ್ಕೆ ಮೂರೂವರೆ ಮೀಟರಿನಂತೆ ನಾಲ್ಕು ಪಥಗಳ ರಸ್ತೆ 14 ಮೀಟರ್ ಅಗಲವಿರುತ್ತದೆ. ಸೈಕಲಿನ ಉದ್ದ ಸುಮಾರು 1.8 ಮೀಟರ್, ಹಿಂದಿನ ಚಕ್ರವೂ ಆಚೆ ಸೇರಬೇಕೆಂದರೆ ಸುಮಾರು 16 ಮೀಟರ್ ಸಾಗಬೇಕು. ನಿಂತಲ್ಲಿಂದ ಹೊರಡುವ ಸಾಧಾರಣ ಸವಾರರಿಗೆ ಇದಕ್ಕೆ ಏಳು ಸೆಕೆಂಡು, ‘ಈಗ ಹೋಗಬಹುದು’ ಎಂದು ನಿರ್ಧರಿಸಲು ಇನ್ನೊಂದು ಸೆಕೆಂಡು ಹಿಡಿಯುತ್ತದೆ ಎನ್ನೋಣ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಆ ಎಂಟು ಸೆಕೆಂಡುಗಳಲ್ಲಿ 130 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅಂದರೆ ನಡುವೆ ನಿಲ್ಲಲು ಜಾಗವಿಲ್ಲದ ರಸ್ತೆಯಲ್ಲಿ ಎರಡೂ ದಿಕ್ಕಿನಲ್ಲಿ, ಒಂದೇ ಕ್ಷಣದಲ್ಲಿ, ಅಷ್ಟು ದೂರ ಖಾಲಿ ಸಿಗಬೇಕು. ದಟ್ಟಣೆಯ ಹೊತ್ತಿನಲ್ಲಿ ಅಂಥ ಬಿಡುವು ಸಿಗುವುದೇ ಇಲ್ಲ. ಸಿಗದಿದ್ದಾಗ ಜನ ಅದಕ್ಕಿಂತ ಕಿರಿದಾದ ಬಿಡುವಿಗೆ ನುಗ್ಗುತ್ತಾರೆ.

ನಡುವೆ ಸೈಕಲ್ ಸಮೇತ ನಿಲ್ಲಬಹುದಾದ ತಂಗುದಾಣ ಮಾಡಿದರೆ ಒಂದು ಬಾರಿಗೆ ಒಂದೇ ದಿಕ್ಕಿನ ಏಳು ಮೀಟರ್ ದಾಟಿದರೆ ಸಾಕು. ಎಂಟು ಸೆಕೆಂಡು ಆರಕ್ಕೆ ಇಳಿಯುತ್ತದೆ. ಅದರ ಜೊತೆಗೆ ದಾಟುವ ಜಾಗದಲ್ಲಿ ವಾಹನಗಳ ವೇಗವನ್ನು ಗಂಟೆಗೆ 40 ಕಿಲೋಮೀಟರಿಗೆ ಇಳಿಸಿದರೆ ಬೇಕಾಗುವ ಖಾಲಿ ದೂರ 67 ಮೀಟರ್, ಅಂದರೆ ಮೊದಲಿನ ಅರ್ಧದಷ್ಟು. ಡಿಕ್ಕಿಯೇ ಆದರೂ ವಾಹನದ ಚಲನಶಕ್ತಿ ಅರ್ಧಕ್ಕಿಂತ ಕಡಿಮೆಯಿರುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ತಂಗುದಾಣದ ಅಗಲದಲ್ಲಿ ಮಾತ್ರ ಜಿಪುಣತನ ಕೂಡದು. ಎರಡು ಮೀಟರಿನಲ್ಲಿ ಸೈಕಲ್ ಹೇಗೋ ಹಿಡಿಸುತ್ತದೆ. ಸಾಮಾನಿನ ಮೂರು ಚಕ್ರದ ಸೈಕಲ್ಲೂ ನಿಶ್ಚಿಂತೆಯಿಂದ ನಿಲ್ಲಬೇಕಾದರೆ ಮೂರು ಮೀಟರ್ ಬೇಕು. ವಾಹನಗಳ ಸಂಖ್ಯೆ ತೀರಾ ಹೆಚ್ಚಿರುವಲ್ಲಿ ಇದೂ ಸಾಲದೆ ಸಿಗ್ನಲ್ ಬೇಕಾಗುತ್ತದೆ. ಆದರೆ ಗುಂಡಿ ಒತ್ತಿ ಎರಡು ನಿಮಿಷ ಕಾಯಿಸುವ ಸಿಗ್ನಲ್ ಇದ್ದೂ ಇಲ್ಲದಂತೆ; ಅಷ್ಟು ಹೊತ್ತಿಗೆ ಅರ್ಧ ಜನ ಕೆಂಪು ದೀಪದಲ್ಲೇ ದಾಟಿ ಹೋಗಿರುತ್ತಾರೆ.

‘ಮೇಲ್ಸೇತುವೆ ಕಟ್ಟಿಬಿಡೋಣ’ ಎಂಬ ಸಲಹೆ ಈ ಹಂತದಲ್ಲಿ ಬಂದೇ ಬರುತ್ತದೆ. ಕೆಳಗೆ ಲಾರಿಗಳು ಹೋಗಬೇಕಾದ್ದರಿಂದ ಸೇತುವೆಯ ನೆಲ ಸುಮಾರು ಆರು ಮೀಟರ್ ಎತ್ತರದಲ್ಲಿರಬೇಕು. ಸೈಕಲ್ ತುಳಿದು ಹತ್ತಬಹುದಾದ 20ಕ್ಕೆ 1ರ ಇಳಿಜಾರಿನಲ್ಲಿ ಆರು ಮೀಟರ್ ಏರಲು 120 ಮೀಟರ್ ಉದ್ದದ ದಾರಿ ಬೇಕು, ಇಳಿಯಲು ಮತ್ತೆ ಅಷ್ಟೇ. ಹದಿನಾಲ್ಕು ಮೀಟರ್ ರಸ್ತೆಗಾಗಿ ಯಾರೂ ಇನ್ನೂರೈವತ್ತು ಮೀಟರ್ ಸುತ್ತುವುದಿಲ್ಲ. ಸೈಕಲ್ ಸವಾರರು ಲಾರಿಗಿಂತ ಗಿಡ್ಡವಾದ್ದರಿಂದ ಕೆಳಸೇತುವೆಗೆ ಮೂರು ಮೀಟರ್ ತಗ್ಗಿದರೆ ಸಾಕಾಗಬಹುದು, ಇಳಿಯುವಾಗ ಸಿಕ್ಕ ವೇಗ ಏರುವಾಗ ಒದಗಿಬರುತ್ತದೆ. ಆದರೆ ಒಳಗೆ ಹೋಗುವ ಮೊದಲೇ ಆಚೆ ತುದಿ ಕಣ್ಣಿಗೆ ಬೀಳುವಂತೆ ನೇರವಾಗಿರಬೇಕು, ರಾತ್ರಿ ಬೆಳಕಿರಬೇಕು, ಮಳೆ ನೀರು ನಿಲ್ಲಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಕತ್ತಲಾದ ಮೇಲೆ ಹೆಂಗಸರು ಅದನ್ನು ಬಳಸುವುದನ್ನು ನಿಲ್ಲಿಸುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡಬೇಕು. ಆ ಚಪ್ಪಡಿ ಕಲ್ಲುಗಳಿದ್ದ ರಸ್ತೆಯಲ್ಲಿ ನಾನು ಮೊದಲು ಸೂಚಿಸಿದ ದಾಟುವ ಜಾಗ ಅಲ್ಲಿಂದ ನೂರೈವತ್ತು ಮೀಟರ್ ಆಚೆ ಇತ್ತು. ವಿದ್ಯುತ್ ಸಂಪರ್ಕ ಅಲ್ಲಿ ಹತ್ತಿರವಿತ್ತು, ತಿರುವಿನಿಂದ ದೂರವಿತ್ತು, ಕಾಗದದ ಮೇಲೆ ಎಲ್ಲವೂ ನಿಯಮಬದ್ಧವಾಗಿತ್ತು. ಕಾಮಗಾರಿ ಮುಗಿದ ಮೇಲೆ ಹೋಗಿ ನೋಡಿದರೆ ಕಲ್ಲುಗಳು ಇದ್ದಲ್ಲೇ ಇದ್ದವು. ಹೊಸ ಜಾಗಕ್ಕೆ ಹೋಗಬೇಕಾದರೆ ಸೈಕಲ್ ಸವಾರರು ನೂರೈವತ್ತು ಮೀಟರ್ ದೂರ ಎದುರು ದಿಕ್ಕಿನ ವಾಹನಗಳಿಗೆ ಮುಖಾಮುಖಿಯಾಗಿ ಸಾಗಬೇಕಿತ್ತೆಂಬುದನ್ನು ನಾನು ಗಮನಿಸಿರಲೇ ಇಲ್ಲ. ತಂತಿ ಎಳೆಯುವ ಖರ್ಚು ಉಳಿಸಲು ಹೋಗಿ ಇಡೀ ಖರ್ಚನ್ನು ವ್ಯರ್ಥ ಮಾಡಿದ್ದೆ. ತಿದ್ದಲು ಮತ್ತೆರಡು ವರ್ಷ ಹಿಡಿಯಿತು.

ಮಾರ್ಗವೊಂದರ ಗುಣವನ್ನು ಅದರ ಅತ್ಯಂತ ಕೆಟ್ಟ ತುಣುಕಿನಿಂದಲೇ ಅಳೆಯಬೇಕೆಂಬ ಮಾತಿಗೆ ಶಾಸ್ತ್ರೀಯ ರೂಪ ಕೊಟ್ಟದ್ದು ಅಮೆರಿಕದ ಸಂಶೋಧಕರಾದ ಮಾಜಾ ಮೆಕುರಿಯಾ, ಪೀಟರ್ ಫರ್ತ್ ಮತ್ತು ಹಿಲರಿ ನಿಕ್ಸನ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನ. ಸವಾರರಿಗೆ ಎಷ್ಟು ಆತಂಕವಾಗುತ್ತದೆ ಎಂಬುದರ ಮೇಲೆ ಅವರು ರಸ್ತೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಮಕ್ಕಳೂ ಹೋಗಬಹುದಾದ ರಸ್ತೆ ಒಂದನೆಯ ಹಂತದ್ದು, ಗಟ್ಟಿ ಗುಂಡಿಗೆಯವರಷ್ಟೇ ಇಳಿಯುವ ರಸ್ತೆ ನಾಲ್ಕನೆಯದ್ದು. ಒಂದು ಮತ್ತು ಎರಡನೆಯ ಹಂತದ ರಸ್ತೆಗಳನ್ನಷ್ಟೇ ಉಳಿಸಿ ಮಿಕ್ಕವನ್ನು ನಕ್ಷೆಯಿಂದ ಅಳಿಸಿದರೆ ನಗರವು ಪರಸ್ಪರ ಸಂಪರ್ಕವಿಲ್ಲದ ಚಿಕ್ಕಚಿಕ್ಕ ದ್ವೀಪಗಳಾಗಿ ಒಡೆದುಹೋಗುತ್ತದೆ. ನನ್ನ ಮಟ್ಟಿಗೆ ಖಾಲಿ ನಕ್ಷೆಗಿರುವ ಉತ್ತಮ ಪರ್ಯಾಯ ಇದು. ಇಲ್ಲಿ ಅಪಘಾತದ ದಾಖಲೆಯೂ ಬೇಕಿಲ್ಲ, ಸೈಕಲ್‌ಗಳ ಎಣಿಕೆಯೂ ಬೇಕಿಲ್ಲ. ರಸ್ತೆಯ ಅಗಲ, ವೇಗ, ಪಥಗಳ ಸಂಖ್ಯೆ, ದಾಟುವ ಜಾಗದ ಸ್ಥಿತಿ ಇಷ್ಟು ಸಾಕು. ಯಾವ ಒಂದು ದಾಟುವ ಜಾಗವನ್ನು ಸರಿಪಡಿಸಿದರೆ ಎರಡು ದ್ವೀಪಗಳು ಕೂಡಿಕೊಳ್ಳುತ್ತವೆ, ಎಷ್ಟು ಮನೆಗಳಿಗೆ ಶಾಲೆ, ಆಸ್ಪತ್ರೆ, ಕೆಲಸದ ಜಾಗ ಎಟುಕುತ್ತವೆ ಎಂದು ಲೆಕ್ಕ ಹಾಕಿದರೆ, ನಗರದ ನಡುಭಾಗದ ಐದು ಕಿಲೋಮೀಟರ್ ಹೊಸ ಪಥಕ್ಕಿಂತ ಅಂಚಿನ ಒಂದು ಸಿಗ್ನಲ್ ಮೇಲು ಎಂದು ಎಷ್ಟೋ ಸಲ ಕಂಡುಬರುತ್ತದೆ. ಇಷ್ಟು ಕಿಲೋಮೀಟರ್ ಪಥ ನಿರ್ಮಿಸಿದೆವು ಎಂದು ಫಲಕ ಹಾಕಿಸಬೇಕಾದವರಿಗೆ ಈ ಲೆಕ್ಕ ರುಚಿಸುವುದಿಲ್ಲ, ಅದು ಬೇರೆ ಮಾತು.

ಬಡಾವಣೆಯ ಒಳರಸ್ತೆಗಳಿಗೆ ಪ್ರತ್ಯೇಕ ಪಥ ಬೇಕೇ ಎಂದರೆ ಬಹುತೇಕ ಬೇಡ. ಬ್ರಿಟನ್ನಿನ 2020ರ ಸೈಕಲ್ ಮೂಲಸೌಕರ್ಯ ಮಾರ್ಗಸೂಚಿಯ ಪ್ರಕಾರ, ಗಂಟೆಗೆ 20 ಮೈಲಿ, ಎಂದರೆ 32 ಕಿಲೋಮೀಟರ್, ಮೀರದ ವೇಗವಿದ್ದು ದಿನಕ್ಕೆ 2,000ಕ್ಕಿಂತ ಕಡಿಮೆ ವಾಹನಗಳು ಓಡಾಡುವ ರಸ್ತೆಯಲ್ಲಿ ಹೆಚ್ಚಿನ ಜನ ವಾಹನಗಳ ಜೊತೆಯಲ್ಲೇ ಸೈಕಲ್ ತುಳಿಯಬಲ್ಲರು. ಇಕ್ಕಟ್ಟಿನ ಒಳರಸ್ತೆಗಳಲ್ಲಿ ನಿವಾಸಿಗಳ ವಾಹನ ಅಷ್ಟಿರುವುದಿಲ್ಲ. ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ಅಡ್ಡದಾರಿ ಹಿಡಿದು ನುಗ್ಗುವ ಹೊರಗಿನ ವಾಹನಗಳೇ ತೊಂದರೆ. ಆಯ್ದ ಕೂಡುರಸ್ತೆಗಳಲ್ಲಿ ಸೈಕಲ್ ಮತ್ತು ಪಾದಚಾರಿಗಳು ಮಾತ್ರ ಹಾದುಹೋಗುವಂತೆ ಕಂಬ ನೆಟ್ಟರೆ ಅಡ್ಡದಾರಿ ಮುಚ್ಚಿಹೋಗುತ್ತದೆ, ಖರ್ಚೂ ಅಲ್ಪ. ಕಂಬಗಳ ನಡುವೆ ಒಂದೂವರೆ ಮೀಟರ್ ಬಿಡಬೇಕು. ಮೋಟಾರು ಬೈಕುಗಳನ್ನು ತಡೆಯುತ್ತೇವೆಂದು ಅಂತರ ಕಿರಿದು ಮಾಡಿದರೆ ಮೊದಲು ಸಿಕ್ಕಿಬೀಳುವುದು ಸಾಮಾನು ಸಾಗಿಸುವ ಸೈಕಲ್ ಮತ್ತು ಗಾಲಿಕುರ್ಚಿ. ಬೈಕಿನವರು ಹೇಗಾದರೂ ನುಸುಳುತ್ತಾರೆ.

ಇನ್ನು ಚರಂಡಿ ಜಾಲರಿ. ಇಡೀ ಅಂದಾಜು ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಜೀವರಕ್ಷಕ ನನಗೆ ಗೊತ್ತಿಲ್ಲ. ಸಾಮಾನ್ಯ ಸೈಕಲಿನ ಟೈರು ನಾಲ್ಕು ಸೆಂಟಿಮೀಟರಿಗಿಂತ ಕಿರಿದಾಗಿರುತ್ತದೆ. ಜಾಲರಿಯ ಸೀಳುಗಳು ಸವಾರಿಯ ದಿಕ್ಕಿನಲ್ಲೇ ಇದ್ದರೆ ಮುಂಚಕ್ರ ಅದರೊಳಕ್ಕೆ ಇಳಿದು ಸವಾರರನ್ನು ಹ್ಯಾಂಡಲಿನ ಮೇಲಿಂದ ಎಸೆಯುತ್ತದೆ. ಎಷ್ಟೋ ಕಡೆ ಜಾಲರಿಯನ್ನು ಎತ್ತಿ ಕಾಲುಭಾಗ ತಿರುಗಿಸಿ ಇಟ್ಟರೆ ಮುಗಿಯಿತು. ರೈಲು ಹಳಿಗಳ ಕಥೆಯೂ ಇದೇ: ಹಳಿಯನ್ನು ಓರೆಯಾಗಿ ದಾಟುವ ದಾರಿಯಲ್ಲಿ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ, ದಾಟುವ ಕೋನ ಲಂಬಕ್ಕೆ ಹತ್ತಿರವಾದಷ್ಟೂ ಅಪಾಯ ಕಡಿಮೆ. ದಾಟುವ ಮೊದಲು ದಾರಿಯನ್ನು ಸ್ವಲ್ಪ ಬಾಗಿಸಿಕೊಟ್ಟರೆ ಸಾಕು.

ಜಾಲವನ್ನು ತುಂಡುತುಂಡಾಗಿ ಕಟ್ಟುವುದರ ಬದಲು ಒಟ್ಟಿಗೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಸ್ಪೇನಿನ ಸೆವಿಲ್ಲೆ ನಗರವನ್ನು ನೋಡಬಹುದು. ಅಲ್ಲಿ 2006ರಲ್ಲಿ ಆರಂಭವಾದ ಕೆಲಸದಿಂದ 2010ರ ಹೊತ್ತಿಗೆ ಸುಮಾರು 120 ಕಿಲೋಮೀಟರ್ ಪ್ರತ್ಯೇಕಿತ, ಒಂದಕ್ಕೊಂದು ಹೊಂದಿಕೊಂಡ ಪಥಗಳು ಸಿದ್ಧವಾದವು. ಸೈಕಲ್ ಬಳಕೆ ಹಲವು ಪಟ್ಟು ಏರಿತು. ಕೊಲಂಬಿಯಾದ ಬೊಗೋಟಾದಲ್ಲಿ 1998ರಿಂದ 2000ದವರೆಗೆ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಲೋಸಾ ಅವರು ಬಡ ಬಡಾವಣೆಗಳ ನಡುವೆ ಎಲ್ ಪೋರ್ವೆನೀರ್ ಎಂಬ ಪಾದಚಾರಿ ಮತ್ತು ಸೈಕಲ್ ಮಾರ್ಗವನ್ನು, ಪಕ್ಕದ ಕಾರು ರಸ್ತೆಗೆ ಡಾಂಬರು ಬೀಳುವ ಮೊದಲೇ, ಹಾಸಿಸಿದರು. ಆ ಕ್ರಮ ನನಗೆ ಮೆಚ್ಚುಗೆ. ಆದರೆ ಅದೇ ನಗರದ ಆರಂಭದ ಸೈಕಲ್ ಪಥಗಳಲ್ಲಿ ಬಹಳಷ್ಟನ್ನು ಪಾದಚಾರಿ ಮಾರ್ಗದ ಮಟ್ಟದಲ್ಲೇ ಮಾಡಿದ್ದರಿಂದ ನಡೆಯುವವರಿಗೂ ಸೈಕಲಿನವರಿಗೂ ತಿಕ್ಕಾಟವಾಯಿತೆಂಬುದನ್ನು ನೆನಪಿಡಬೇಕು. ಕಾರಿನಿಂದ ಜಾಗ ಕೇಳುವ ಧೈರ್ಯವಿಲ್ಲದಾಗ ನಾವು ನಡೆಯುವವರ ಜಾಗಕ್ಕೆ ಕೈ ಹಾಕುತ್ತೇವೆ.

ನಿವಾಸಿಗಳ ಸಭೆಗಳಲ್ಲಿ ನನಗೆ ಎದುರಾಗುವ ವಿರೋಧ ಸೈಕಲಿಗಲ್ಲ. ಇಪ್ಪತ್ತು ವರ್ಷ ಬೀದಿದೀಪ ಕೇಳಿದಾಗ ಬಾರದವರು ಇದ್ದಕ್ಕಿದ್ದಂತೆ ಬಣ್ಣ ಬಳಿದ ಪಥ ತಂದಾಗ, ‘ಇದು ಯಾರಿಗಾಗಿ? ಬಾಡಿಗೆ ಏರಿಸಿ ನಮ್ಮನ್ನು ಎಬ್ಬಿಸುವುದಕ್ಕೋ?’ ಎಂದು ಕೇಳುತ್ತಾರೆ. ಈ ಅನುಮಾನಕ್ಕೆ ಚಿತ್ರಪಟ ತೋರಿಸಿ ಉತ್ತರ ಕೊಡಲಾಗದು. ಅವರು ಮೊದಲು ಕೇಳಿದ ದೀಪ, ಚರಂಡಿ, ಬಸ್ ನಿಲ್ದಾಣದ ಕೆಲಸವನ್ನು ಅದೇ ಕಾಮಗಾರಿಯಲ್ಲಿ ಸೇರಿಸಿ, ಪಥಕ್ಕಿಂತ ಮೊದಲು ಮುಗಿಸುವುದು ನಾನು ಕಂಡುಕೊಂಡ ದಾರಿ. ಸಭೆಯ ಹೊತ್ತೂ ಮುಖ್ಯ. ನಡುಹಗಲಲ್ಲಿ ಕರೆದರೆ ಸೈಕಲ್ ತುಳಿಯುವವರೆಲ್ಲ ಕೆಲಸದಲ್ಲಿರುತ್ತಾರೆ, ಬಂದವರು ಕಾರು ನಿಲುಗಡೆಯ ಬಗ್ಗೆ ಮಾತನಾಡಿ ಹೋಗುತ್ತಾರೆ.

ಕಾಮಗಾರಿ ಮುಗಿದ ಆರು ತಿಂಗಳ ನಂತರ ನಾನು ಮತ್ತೆ ಹೋಗಿ ನಿಲ್ಲುತ್ತೇನೆ. ಒಟ್ಟು ಸಂಖ್ಯೆಗಿಂತ ಹೆಚ್ಚಾಗಿ ಯಾರು ಬಂದರು ಎಂಬುದನ್ನು ಬರೆದುಕೊಳ್ಳುತ್ತೇನೆ: ಹೆಂಗಸರೆಷ್ಟು, ಶಾಲೆಯ ಮಕ್ಕಳೆಷ್ಟು, ಕತ್ತಲಾದ ಮೇಲೆ ಎಷ್ಟು ಜನ, ಇಳಿದು ತಳ್ಳಿಕೊಂಡು ಹೋದವರೆಷ್ಟು. ಜೊತೆಗೆ ತಂಗುದಾಣದಲ್ಲಿ ಬಿದ್ದಿರುವ ಗಾಜಿನ ಚೂರುಗಳನ್ನೂ ನೋಡುತ್ತೇನೆ. ವಾಹನಗಳ ಚಕ್ರ ತಾಕದ ಜಾಗದಲ್ಲಿ ಕಸ ತಾನಾಗಿ ಸರಿಯುವುದಿಲ್ಲ, ಗುಡಿಸುವ ದೊಡ್ಡ ಯಂತ್ರ ಆ ಅಗಲದೊಳಕ್ಕೆ ಹೋಗುವುದಿಲ್ಲ. ಅದಕ್ಕೇ ಅಂದಾಜು ಪಟ್ಟಿ ತಯಾರಿಸುವಾಗ ಮೊದಲ ಮೂರು ವರ್ಷಗಳ ಗುಡಿಸುವ ಕೂಲಿಯನ್ನು ಕಾಂಕ್ರೀಟಿನ ಸಾಲಿನ ಕೆಳಗೆಯೇ ಬರೆಯುತ್ತೇನೆ. ಪರಿಶೀಲನೆಯಲ್ಲಿ ಮೊದಲು ಹೊಡೆದುಹಾಕುವುದೂ ಆ ಸಾಲನ್ನೇ.