ಕೆನಡಾದ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ನಡೆಯುವ ಡಿಗ್ರಿ ಅಲ್ಲಿ ಕೆಲಸಕ್ಕೆ ಯಾಕೆ ನಡೆಯಲ್ಲ?

ವಲಸೆ ಬರುವವರನ್ನು ಅಂಕ ಕೊಟ್ಟು ಆರಿಸುವ ಪದ್ಧತಿಯನ್ನು ಕೆನಡಾ ಶುರು ಮಾಡಿದ್ದು 1967ರಲ್ಲಿ. ಅದಕ್ಕೂ ಮೊದಲು ಬಹುಕಾಲ ಯುರೋಪಿನ ಬಿಳಿಯರಿಗೇ ಮೊದಲ ಮಣೆ. ಓದು, ವಯಸ್ಸು, ಭಾಷೆ, ಕಸುಬು ನೋಡಿ 100ಕ್ಕೆ 50 ಅಂಕ ಬಂದರೆ ಭಾರತದವರಿಗೂ ಬಾಗಿಲು ತೆರೆಯಿತು. 2002ರಲ್ಲಿ ಹೊಸ ವಲಸೆ ಕಾಯ್ದೆ ಜಾರಿಗೆ ಬಂದ ಮೇಲೆ ಓದೊಂದಕ್ಕೇ 25ರವರೆಗೆ ಅಂಕ. 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಆನ್‌ಲೈನಿನಲ್ಲಿ ಅರ್ಜಿದಾರರಿಗೆ ಅಂಕ ಕೊಟ್ಟು, ಮುಂದಿರುವವರನ್ನು ಕರೆಯುವ ವ್ಯವಸ್ಥೆ. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ಹೋಗಿದ್ದು ಇದೇ ದಾರಿಯಲ್ಲಿ. ಮಾರ್ಕ್ಸ್ ಕಾರ್ಡ್ ಕಳಿಸಿ, ನಮ್ಮ ಡಿಗ್ರಿ ಅಲ್ಲಿನ ಡಿಗ್ರಿಗೆ ಸಮ ಅಂತ ವರದಿ ತರಿಸಿಕೊಂಡೇ ಅರ್ಜಿ ಹಾಕುತ್ತಾರೆ.

ತೊಡಕು ಶುರುವಾಗುವುದು ವಿಮಾನ ಇಳಿದ ಮೇಲೆ. ಅಂಕ ಎಣಿಸುವುದು ಒಕ್ಕೂಟ ಸರ್ಕಾರ. ಎಂಜಿನಿಯರ್, ಡಾಕ್ಟರ್, ನರ್ಸ್‌ಗಳಿಗೆ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯದ ವೃತ್ತಿ ಮಂಡಳಿ. ಆ ವರದಿಯನ್ನು ಮಂಡಳಿ ಒಪ್ಪಲೇಬೇಕು ಅಂತೇನಿಲ್ಲ. ಒಂಟಾರಿಯೊ ಪ್ರಾಂತ್ಯದಲ್ಲಿ ಎಂಜಿನಿಯರ್ ಲೈಸೆನ್ಸಿಗೆ ಕೆನಡಾದಲ್ಲೇ 12 ತಿಂಗಳು ದುಡಿದಿರಬೇಕು ಎಂಬ ನಿಯಮ 2023ರವರೆಗೂ ಇತ್ತು. ಕೆಲಸವೇ ಕೊಡದೆ ಅನುಭವ ಎಲ್ಲಿಂದ ಬರಬೇಕು?

ಬಾಡಿಗೆಯಂತೂ ಕಾಯುವುದಿಲ್ಲ. ಹಾಗಾಗಿ 'ಸರ್ವೈವಲ್ ಜಾಬ್', ಅಂದರೆ ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ. ಟೊರಾಂಟೊ ಪಕ್ಕದ ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆ ಗೋದಾಮುಗಳಿಗೆ ಆಳು ಕಳಿಸುವ ಏಜೆನ್ಸಿಗಳಿವೆ. ನಾಳೆ ಶಿಫ್ಟ್ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಫೋನಿಗೆ ಮೆಸೇಜ್ ಬಂದಾಗಲೇ ಗೊತ್ತಾಗುವುದು. ಜ್ವರ ಅಂತ ಮಲಗಿದರೆ ಆ ದಿನದ ಕೂಲಿ ಹೋಯ್ತು. ಒಂಟಾರಿಯೊ 2018ರಲ್ಲಿ ವರ್ಷಕ್ಕೆ 2 ದಿನ ಸಂಬಳದ ರಜೆ ಕೊಟ್ಟಿತ್ತು. 2019ರಲ್ಲಿ ಅದನ್ನೂ ಕಿತ್ತುಕೊಂಡಿತು.

ವೈದ್ಯಕೀಯ ಪರೀಕ್ಷೆ ಪಾಸಾಗದೆ ಪಿಆರ್ ಸಿಗುವುದಿಲ್ಲ. ಬರುವವರೂ ಹೆಚ್ಚಾಗಿ ಹರೆಯದವರೇ. ಹೀಗಾಗಿ ಬಂದ ಹೊಸತರಲ್ಲಿ ವಲಸಿಗರು ಒಟ್ಟಾರೆ ಅಲ್ಲೇ ಹುಟ್ಟಿದವರಿಗಿಂತ ಗಟ್ಟಿ. ವರ್ಷ ಕಳೆದಂತೆ ಆ ಗಟ್ಟಿತನ ಕರಗುತ್ತದೆ ಎಂದು ಸಂಶೋಧಕರು ಹಿಂದೆಯೇ ಗುರುತಿಸಿದ್ದಾರೆ. ಚಳಿ, ಊಟದ ಬದಲಾವಣೆ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ನಿದ್ದೆಗೆಡಿಸುವ ಪಾಳಿ, ಬೆನ್ನುನೋವು, ಅಮ್ಮನಿಗೆ ಫೋನಿನಲ್ಲಿ "ಆಫೀಸ್ ಕೆಲಸಾನೇ" ಅನ್ನಬೇಕಾದ ಸಂಕಟ, ಇವನ್ನೆಲ್ಲ ಬಿಟ್ಟರೆ ಲೆಕ್ಕ ಕೂಡುವುದಿಲ್ಲ ಅಂತ ನನಗನಿಸುತ್ತದೆ.

ಕೆನಡಾದ ಅನುಭವವೇ ಬೇಕು ಅಂತ ಪಟ್ಟು ಹಿಡಿಯುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. ಅದನ್ನು ತಡೆಯುವ ಕಾನೂನು ಪಾಸಾಗಿದ್ದು 2021ರಲ್ಲಿ, ಅದೂ ಲೈಸೆನ್ಸ್ ಬೇಕಾದ ಕೆಲವು ವೃತ್ತಿಗಳಿಗೆ ಮಾತ್ರ. 2026ರ ಜನವರಿ 1ರಿಂದ ಒಂಟಾರಿಯೊದಲ್ಲಿ, 25 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ಈ ಷರತ್ತು ಹಾಕುವಂತಿಲ್ಲ. ಜಾಹೀರಾತಿನಲ್ಲಿ ಬರೆಯದೆ, ಮನಸ್ಸಿನಲ್ಲೇ ಇಟ್ಟುಕೊಂಡು ರೆಸ್ಯೂಮೆ ಬದಿಗೆ ಸರಿಸಿದರೆ ಹಿಡಿಯುವುದು ಕಷ್ಟ, ಅಲ್ವಾ?