ರೇಸ್ ಬಿಟ್ಟ ಕುದುರೆಗೆ ಜಿಗಿತ ಕಲಿಸುವ ಮುನ್ನ

ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಓಟ ಮುಗಿಸಿದ ಥರೋಬ್ರೆಡ್ (ರೇಸಿಗೆಂದೇ ಬೆಳೆಸಿದ ತಳಿ) ಕುದುರೆಗಳು ಎಳೆ ಪ್ರಾಯದಲ್ಲೇ ಸವಾರಿ ಶಾಲೆಗಳಿಗೆ ಬರುತ್ತವೆ. ತಡೆಗಳನ್ನು ಹಾರುವ ಸ್ಪರ್ಧೆಯಾದ ಶೋ ಜಂಪಿಂಗ್‌ಗೆ ಬೇಕಾದ ಮೈಕಟ್ಟು, ಧೈರ್ಯ ಎರಡೂ ಇರುತ್ತವೆ. ಆದರೆ ಬಂದ ವಾರದಲ್ಲೇ ಕಂಬ ಹಾರಿಸಲು ಶುರುವಾದರೆ ತಿಂಗಳೊಳಗೆ ದೂರು ಕೇಳಿಬರುತ್ತದೆ: ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚುತ್ತೆ, ಲಗಾಮು ಎಳೆದರೂ ನಿಲ್ಲಲ್ಲ, ತಲೆ ಕೆಟ್ಟ ಕುದುರೆ. ಬಹುತೇಕ ಸಂದರ್ಭಗಳಲ್ಲಿ ತಲೆ ಸರಿಯಾಗಿಯೇ ಇರುತ್ತದೆ. ಹೊಟ್ಟೆ, ಬೆನ್ನು, ಗೊರಸುಗಳಲ್ಲಿ ಎಲ್ಲೋ ನೋವಿರುತ್ತದೆ. ಇಲ್ಲವೇ ರೇಸಿನಲ್ಲಿ ಕಲಿತ ಪಾಠವನ್ನೇ ಅದು ಇಲ್ಲಿಯೂ ಒಪ್ಪಿಸುತ್ತಿರುತ್ತದೆ.

ಹೊಟ್ಟೆಯಿಂದಲೇ ಆರಂಭಿಸಬೇಕು. ಕುದುರೆಯ ಜಠರದಲ್ಲಿ ಆಮ್ಲ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಜಠರದ ಮೇಲ್ಭಾಗಕ್ಕೆ ಆಮ್ಲ ತಡೆಯುವ ಲೋಳೆಯ ಪದರವಿಲ್ಲ. ಧಾನ್ಯ ಹೆಚ್ಚು, ಹುಲ್ಲು ಕಡಿಮೆ, ಖಾಲಿ ಹೊಟ್ಟೆಯಲ್ಲಿ ಓಟ ಎಂಬ ದಿನಚರಿಯಲ್ಲಿ ಆ ಭಾಗಕ್ಕೆ ಆಮ್ಲ ಚಿಮ್ಮಿ ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡರೆ ಪಶುವೈದ್ಯರು ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೊಮ್ಮೆ, 28 ದಿನ. ಮೇವು ಬದಲಾಗದಿದ್ದರೆ ಮದ್ದು ನಿಲ್ಲಿಸಿದೊಡನೆ ಹುಣ್ಣು ಮರಳುತ್ತದೆ.

450 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 7 ಕೆ.ಜಿ. ಒಣ ತೂಕದ ಮೇವು ಬೇಕು. ನಮ್ಮಲ್ಲಿ ಎಡವುವುದು ಇಲ್ಲೇ. 20 ಕೆ.ಜಿ. ಹಸಿ ಹುಲ್ಲು ಹಾಕಿದ್ದೇವೆ ಎನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಕುದುರೆಗೆ ದಕ್ಕುವುದು ನಾಲ್ಕೈದು ಕೆ.ಜಿ. ಮಾತ್ರ. ಅದೂ ನೇಪಿಯರ್ ಹುಲ್ಲಾದರೆ ಇನ್ನೊಂದು ತೊಡಕು: ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಜೊತೆಗೆ ರಂಜಕ ತುಂಬಿದ ಗೋಧಿ ಬೂಸಾ ದಿನವೂ ಬಿದ್ದರೆ ಮೂಳೆಯೊಳಗಿನ ಕ್ಯಾಲ್ಸಿಯಂ ಕರಗಿ ಮುಖದ ಮೂಳೆ ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ಒಣಗಿಸಿದ ಓಟ್ಸ್ ಹುಲ್ಲು ಅಥವಾ ರೋಡ್ಸ್ ಹುಲ್ಲನ್ನು ಮುಖ್ಯ ಮೇವಾಗಿಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಸೇರಿಸುವುದು ವಾಸಿ. ಸೊಪ್ಪಿನ ಕ್ಯಾಲ್ಸಿಯಂ ಆಮ್ಲವನ್ನೂ ತಣಿಸುತ್ತದೆ. ಸವಾರಿಗೆ ಅರ್ಧ ಗಂಟೆ ಮೊದಲು ಎರಡು ಹಿಡಿ ತಿನ್ನಿಸಿಯೇ ಜೀನು ಹಾಕಿ. ಹುರಳಿ, ಓಟ್ಸ್ ಕಾಳುಗಳನ್ನು ಏಳರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಇಳಿಸಿ; ಒಂದು ಹೊತ್ತಿಗೆ 2 ಕೆ.ಜಿ. ದಾಟಿಸಬೇಡಿ.

ಮೊದಲ ಆರರಿಂದ ಎಂಟು ವಾರ ಸವಾರಿ ಬೇಡ. ಶಾಂತ ಸ್ವಭಾವದ ಇನ್ನೊಂದು ಕುದುರೆಯ ಜೊತೆ ಸಣ್ಣ ಬಯಲಿಗೆ ಬಿಡಿ, ಮೊದಲು ಒಂದು ಗಂಟೆ, ಆಮೇಲೆ ಹೆಚ್ಚಿಸುತ್ತ ಹೋಗಿ. ಈ ಅವಧಿಯಲ್ಲಿ ಲಾಳ ಬದಲಿಸಿ: ಗೊರಸಿನ ಮುಂಭಾಗ ಉದ್ದ, ಹಿಮ್ಮಡಿ ತಗ್ಗು ಇದ್ದರೆ ಸ್ನಾಯುರಜ್ಜಿನ ಮೇಲೆ ಭಾರ ಬೀಳುತ್ತದೆ. ಅದನ್ನು ಒಂದೇ ಸಲಕ್ಕೆ ಕತ್ತರಿಸದೆ ಐದಾರು ವಾರಕ್ಕೊಮ್ಮೆ ತಿದ್ದಬೇಕು. ಬೆನ್ನಿನ ಸ್ನಾಯು ತುಂಬಿದಂತೆಲ್ಲ ಜೀನಿನ ಅಳತೆಯೂ ಬದಲಾಗುತ್ತದೆ, ಮತ್ತೆ ಮತ್ತೆ ನೋಡಿಕೊಳ್ಳಿ.

ಇನ್ನು ಲಗಾಮು. ರೇಸಿನಲ್ಲಿ ಜಾಕಿ ಲಗಾಮನ್ನು ಗಿಡ್ಡಗೆ ಹಿಡಿದು ಬಿಗಿ ಮಾಡಿದಾಗ ಕುದುರೆ ಕಡಿವಾಣಕ್ಕೆ ಒರಗಿ ಓಡುವುದನ್ನು ಕಲಿತಿರುತ್ತದೆ. ಕೈ ಸಡಿಲವಾದಾಗ ನಿಧಾನವಾಗುತ್ತದೆ. ಹಾಗಾಗಿ ಹೊಸ ಸವಾರ ಹೆದರಿ ಎಳೆದಷ್ಟೂ ಅದು ವೇಗ ಏರಿಸುತ್ತದೆ. ಎಳೆದು ಹಿಡಿಯಬೇಡಿ. 20 ಮೀಟರ್ ಅಗಲದ ವೃತ್ತಕ್ಕೆ ತಿರುಗಿಸಿ, ಮಾತು ಮತ್ತು ಕೂರುವ ಭಾರದಿಂದ ತಡೆದು, ಅದು ಒಂದು ಹೆಜ್ಜೆ ನಿಧಾನಿಸಿದ ಕ್ಷಣವೇ ಕೈ ಸಡಿಲಿಸಿ. ಹತ್ತುವಾಗ ನಿಲ್ಲುವುದೂ ಅದಕ್ಕೆ ಹೊಸ ವಿಷಯ, ಏಕೆಂದರೆ ಜಾಕಿಯನ್ನು ನಡೆಯುತ್ತಿರುವ ಕುದುರೆಯ ಮೇಲೆಯೇ ಎತ್ತಿ ಕೂರಿಸುತ್ತಾರೆ. ಉದ್ದ ರಿಕಾಪಿನ (ಪಾದವಿಡುವ ಕೊಂಡಿ) ಸವಾರನ ಕಾಲು ಪಕ್ಕೆಗೆ ತಾಗುವುದೂ ಹೊಸದು. ಇದಕ್ಕೆ ಛಡಿ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಟ್ರಾಟ್‌ನಲ್ಲಿ (ಎರಡು ತಾಳದ ಮಂದ ಓಟ) ಲಯ ಕೂಡಿದ ಮೇಲೆ ನೆಲದ ಮೇಲೆ ನಾಲ್ಕು ಕಂಬ, 1.3 ಮೀಟರ್ ಅಂತರದಲ್ಲಿ. ಎರಡು ಕಂಬಗಳ ನಡುವೆ ಹೆಚ್ಚುವರಿ ಹೆಜ್ಜೆ ಬಿದ್ದರೆ ಅಂತರ ಕಿರಿದು ಮಾಡಿ, ಗೊರಸು ಕಂಬಕ್ಕೆ ತೀರಾ ಹತ್ತಿರ ಊರಿದರೆ ಹಿಗ್ಗಿಸಿ. ನಂತರ 40 ಸೆಂ.ಮೀ. ಎತ್ತರದ ಅಡ್ಡಕಂಬ, ಅದಕ್ಕೆ 2.5 ಮೀಟರ್ ಮುಂಚೆ ನೆಲದಲ್ಲೊಂದು ಕಂಬ. ಆ ಕಂಬವೇ ನೆಗೆಯುವ ಜಾಗ ತೋರಿಸುವುದರಿಂದ ನುಗ್ಗುವ ಕುದುರೆಯನ್ನು ಸವಾರ ಹಿಡಿದು ಜಗ್ಗಬೇಕಾಗಿಲ್ಲ. ಇದು ಸಲೀಸಾದರೆ 5.5 ಮೀಟರ್ ಆಚೆಗೆ ಇನ್ನೊಂದು ತಡೆ ಇಡಿ, ನಡುವೆ ಕ್ಯಾಂಟರ್‌ನ (ಹದವಾದ ನಾಗಾಲೋಟ) ಒಂದೇ ಹೆಜ್ಜೆಗೆ ಜಾಗ.

ವಾರಕ್ಕೆ ಎರಡು ದಿನ ಮಾತ್ರ ಜಿಗಿತ, ದಿನಕ್ಕೆ ಹೆಚ್ಚೆಂದರೆ 15 ನೆಗೆತ. ಕೆಲಸ ಮುಗಿದ ಹತ್ತು ನಿಮಿಷದಲ್ಲಿ ನಾಡಿಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತ ನಡೆಸಿ, ಮರುದಿನ ಜೀನು ಹಾಕಬೇಡಿ.